ಸಾವಿರದ ನಾನೂರ ನಲವತ್ತು ಬಿಂದಿಗೆ

ದೊಡ್ಡಪ್ಪನ ಅಡಿಕೆ ತೋಟ ಚನ್ನಗಿರಿ ತಾಲ್ಲೂಕಿನಲ್ಲಿದೆ. ಧಾರಣೆ ಚೆನ್ನಾಗಿದ್ದ ವರ್ಷ ಮೊಮ್ಮಕ್ಕಳಿಗೆಂದು ಮನೆ ಹಿಂದೆ ಪುಟ್ಟ ಈಜುಕೊಳ ಕಟ್ಟಿಸಿದರು. 6 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಆಳ. ಕಟ್ಟಿದವರು ಹಣ ಎಣಿಸಿಕೊಂಡು ಹೋದರೇ ಹೊರತು ನೋಡಿಕೊಳ್ಳುವುದು ಹೇಗೆಂದು ಹೇಳಲಿಲ್ಲ. ಬೇಸಿಗೆ ಬಂತು, ಹದಿನೈದೇ ದಿನದಲ್ಲಿ ನೀರು ಹಸಿರಾಯಿತು. ದೊಡ್ಡಪ್ಪನ ಪರಿಹಾರ ಸರಳ: ಖಾಲಿ ಮಾಡು, ಬೋರ್‌ವೆಲ್ಲಿಂದ ಮತ್ತೆ ತುಂಬು.

ಅಮ್ಮನ ತವರು ಜಗಳೂರು ಕಡೆ. ಟ್ಯಾಂಕರಿಗೆ ಕಾದು ಬಿಂದಿಗೆ ಸಾಲಿಟ್ಟು ಬೆಳೆದವಳು. ಕೊಳದಲ್ಲಿ 21,600 ಲೀಟರ್ ಇದೆ ಎಂದು ನಾನು ಲೆಕ್ಕ ಹೇಳಿದಾಗ, 'ಹದಿನೈದು ಲೀಟರಿನ ಬಿಂದಿಗೆ ಎಷ್ಟಾಯ್ತು?' ಅಂದಳು. 1,440. ಆಮೇಲೆ ಅವಳು ಮಾತಾಡಲಿಲ್ಲ.

ನನ್ನ ಪಿಎಚ್.ಡಿ. ಕೆರೆ, ಪುಷ್ಕರಿಣಿಗಳ ಚರಿತ್ರೆಯ ಮೇಲೆ. ಹಾಗಾಗಿ ನೀರಿನ ಮಾತು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಅದೇ ತಾಲ್ಲೂಕಿನ ಸಂತೆಬೆನ್ನೂರಿನಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ 16ನೇ ಶತಮಾನದ ಪುಷ್ಕರಿಣಿ ಇದೆ, ನಡುವೆ ವಸಂತ ಮಂಟಪ. ಆ ನೀರೂ ಹಸಿರೇ, ಯಾರೂ ದೂರುವುದಿಲ್ಲ. ಅಲ್ಲಿ ಪಾಚಿಗೂ ಮೀನಿಗೂ ಜಾಗವಿದೆ. ಮನೆಯ ಕೊಳದ ಧರ್ಮವೇ ಬೇರೆ, ಅದರಲ್ಲಿ ಈಜುವವರ ಹೊರತು ಏನೂ ಬದುಕುವಂತಿಲ್ಲ.

ಹಸಿರಾದ ನೀರನ್ನು ಚೆಲ್ಲಬೇಕಿಲ್ಲ. ಮೊದಲು ಪಿಎಚ್ ನೋಡಬೇಕು. 7.2ರಿಂದ 7.6ರೊಳಗಿದ್ದರೆ ಕ್ಲೋರಿನ್ ಕೆಲಸ ಮಾಡುತ್ತದೆ, 8.5 ದಾಟಿದರೆ ಎಷ್ಟು ಸುರಿದರೂ ಬಹುಪಾಲು ದಂಡ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಟೈಲ್ಸಿಗೆ ಬಿಳಿ ಪದರ ಕಟ್ಟುವುದಕ್ಕೂ ಏರಿದ ಪಿಎಚ್ ಕಾರಣ. ಇಳಿಸಲು ಮ್ಯೂರಿಯಾಟಿಕ್ ಆಮ್ಲ, ಆಮ್ಲವನ್ನು ನೀರಿಗೆ ಹಾಕಬೇಕೇ ವಿನಾ ನೀರನ್ನು ಆಮ್ಲಕ್ಕಲ್ಲ. ಬ್ಲೀಚಿಂಗ್ ಪುಡಿಯ ಹತ್ತಿರವಂತೂ ಅದನ್ನು ಸುಳಿಯಗೊಡಬಾರದು, ಎರಡೂ ಸೇರಿದರೆ ವಿಷಾನಿಲ. ಕೆಲವು ಗಂಟೆ ಬಿಟ್ಟು, ಸಂಜೆ ಹೊತ್ತು, ಮುಕ್ಕಾಲು ಕೆ.ಜಿ.ಯಷ್ಟು ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನಷ್ಟೇ ಕೊಳಕ್ಕೆ ಸುರಿದೆವು. ಹಗಲಲ್ಲಿ ಹಾಕಿದರೆ ಬಿಸಿಲೇ ಅದನ್ನು ತಿಂದುಹಾಕುತ್ತದೆ. ಗೋಡೆ ಉಜ್ಜಿ, ರಾತ್ರಿಯಿಡೀ ಪಂಪ್ ಓಡಿಸಿದೆವು. ನ್ಯಾಮತಿಯಿಂದ ಬಂದ ಮೆಕ್ಯಾನಿಕ್ ಮರಳು ಫಿಲ್ಟರಿನ ಗೇಜು ನೋಡಿ, ಒತ್ತಡ ಏರಿದೆ, ಹಿಂದುಮುಂದಾಗಿ ತೊಳೆಯಿರಿ ಅಂದ. ಸತ್ತ ಪಾಚಿಯೆಲ್ಲ ಅಲ್ಲೇ ಕೂತಿತ್ತು.

ಮೂಗಿಗೆ ಹೊಡೆಯುವ ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಯಿತೆಂದು ದೊಡ್ಡಪ್ಪ ನಂಬಿದ್ದರು. ಸಾಮಾನ್ಯವಾಗಿ ಅದು ಉಲ್ಟಾ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಸಂಯುಕ್ತದ ವಾಸನೆ ಅದು. ಮೊಮ್ಮಕ್ಕಳ ಮುಂದೆ ಇದನ್ನು ವಿವರಿಸಿದ ಮೇಲೆ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಮೂರನೇ ಬೆಳಗ್ಗೆ ತಳದ ಟೈಲ್ಸ್ ಕಂಡಿತು. ಕ್ಲೋರಿನ್ 3 ಪಿಪಿಎಮ್‌ಗೆ ಇಳಿಯುವವರೆಗೆ ಯಾರನ್ನೂ ಇಳಿಸಲಿಲ್ಲ.

ಆದರೂ ಮಟ್ಟ ದಿನಾ ಇಳಿಯುತ್ತಿತ್ತು. ಸೋರಿಕೆಯೋ ಏನೋ ಎಂದು ನೆಲ ಅಗೆಸಲು ಹೊರಟ ದೊಡ್ಡಪ್ಪನನ್ನು ತಡೆದು, ಬಕೆಟ್ಟಿಗೆ ಅದೇ ನೀರು ತುಂಬಿ ಕೊಳದ ಮೆಟ್ಟಿಲ ಮೇಲಿಟ್ಟೆ. ಪಂಪ್ ನಿಲ್ಲಿಸಿ, ಬಕೆಟ್ಟಿನ ಒಳಗಿನ ಮಟ್ಟಕ್ಕೊಂದು, ಹೊರಗಿನ ಮಟ್ಟಕ್ಕೊಂದು ಗೆರೆ ಎಳೆದೆ. ಕೊಳ ಸೋರುತ್ತಿದ್ದರೆ ಹೊರಗಿನದು ಹೆಚ್ಚು ಇಳಿಯಬೇಕು. ಮರುದಿನ ಅಮ್ಮನೇ ಹೋಗಿ ಬಗ್ಗಿ ನೋಡಿದಳು. ಎರಡೂ ಒಂದೇ ಅಳತೆ ಇಳಿದಿದ್ದವು.

'ಬಿಸಿಲು ಕುಡದೈತೆ,' ಅಂದಳು.