ನೆಟ್ಟಗೆ ಓಡುವ ಗಾಡಿ

ಸೆಕೆಂಡ್‌ಹ್ಯಾಂಡ್ ದೊಡ್ಡ ಬೈಕು ಬೇಕೆಂದವರನ್ನು ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು, "ಎಷ್ಟು ಸಿಸಿದ್ ನೋಡ್ಲತೀರಿ?" ಎಂದು. ಯಾವ ರಸ್ತೆಗೆ ಎಂದು ಯಾರೂ ಕೇಳುವುದಿಲ್ಲ. ನನಗೆ ಅದೇ ಮೊದಲ ಪ್ರಶ್ನೆ.

ನಮ್ಮ ಬೀದರ್ ಸೀಮೆಯ ಹುಮನಾಬಾದಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. 65ನೆಯದರಲ್ಲಿ ಮೂಡಣಕ್ಕೆ ಹೊರಟರೆ ಹೈದರಾಬಾದ್, ಪಡುವಣಕ್ಕೆ ಸೊಲ್ಲಾಪುರ. ಎರಡೂ ಹೆಚ್ಚುಕಡಿಮೆ 150 ಕಿಲೋಮೀಟರು. 50ನೆಯದು ಬೀದರಿನಿಂದ ಬಂದು ಕಲಬುರಗಿ, ವಿಜಯಪುರ, ಹೊಸಪೇಟೆ ದಾಟಿ ಚಿತ್ರದುರ್ಗ ಮುಟ್ಟುತ್ತದೆ. ಬಸವಕಲ್ಯಾಣದವರು ಸಸ್ತಾಪುರ ಬಂಗ್ಲಾಕ್ಕೆ ಬಂದು ಹೆದ್ದಾರಿ ಹತ್ತಿದರೆ ಮುಂದೆಲ್ಲ ಬಯಲು. ತಿರುವು ಕಮ್ಮಿ, ನೆರಳು ಇನ್ನೂ ಕಮ್ಮಿ. ಎದುರಿಂದ ಲಾರಿ ಬಂದರೆ ಅದರ ಗಾಳಿ ಎದೆಗೆ ಬಡಿಯುತ್ತದೆ. ಇಲ್ಲಿ ಗಾಡಿ ಎಷ್ಟು ಜೋರು ಓಡುತ್ತದೆ ಎಂಬುದು ಮುಖ್ಯವಲ್ಲ. 85-90ರ ವೇಗದಲ್ಲಿ ಗಂಟೆಗಟ್ಟಲೆ ಕೂತವನ ಕೈ ಮರಗಟ್ಟಬಾರದು, ಲಾರಿ ಹಿಂದೆ ಹಾಕಲು ಶಕ್ತಿ ಇನ್ನೂ ಉಳಿದಿರಬೇಕು.

ಇದನ್ನು ಕಾಗದದ ಮೇಲಿನ ಅಂಕಿ ಹೇಳುವುದಿಲ್ಲ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಹಳೆಯ 346 ಸಿಸಿ ಎಂಜಿನ್ನಿಗೂ 2021ರಲ್ಲಿ ಬಂದ 349 ಸಿಸಿ ಎಂಜಿನ್ನಿಗೂ ಶಕ್ತಿಯಲ್ಲಿ ಅಂಥ ವ್ಯತ್ಯಾಸವಿಲ್ಲ, ಎರಡೂ ಸುಮಾರು 20 ಬಿಎಚ್‌ಪಿ. ಆದರೆ ಹೊಸದರಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇದೆ, ಚಾಸಿಯೂ ಬೇರೆ. ಹಳೆಯದು 80 ದಾಟಿದರೆ ಹ್ಯಾಂಡಲ್ಲು, ಫುಟ್‌ರೆಸ್ಟು ಗುಂಯ್ ಎನ್ನತೊಡಗುತ್ತವೆ. ಊರೊಳಗೆ ಓಡಾಡುವವರಿಗೆ ಅದೂ ಚಂದವೇ. ಸೊಲ್ಲಾಪುರಕ್ಕೆ ಹೋಗಿಬರುವವರಿಗೆ ಹೊಸದಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಬಜಾಜ್ ಡೊಮಿನಾರ್ 400ರಲ್ಲಿ ಶಕ್ತಿ ಧಾರಾಳ. 2019ರ ನಂತರದ್ದಾದರೆ 40 ಪಿಎಸ್. ರೇಡಿಯೇಟರ್ ಇರುವುದರಿಂದ ನಮ್ಮ ಮೇ ತಿಂಗಳ ಬಿಸಿಲಿಗೂ ಅಂಜುವುದಿಲ್ಲ. ಕೊಳ್ಳುವಾಗ ಆ ರೇಡಿಯೇಟರ್ ಸೋರುತ್ತಿಲ್ಲವೇ, ಫ್ಯಾನು ತಿರುಗುತ್ತದೆಯೇ ಎಂದು ನೋಡಬೇಕು. ಎನ್‌ಫೀಲ್ಡಿನದೇ ಹಿಮಾಲಯನ್ 411ರ ಓಟ ನಿಧಾನ, ಆದರೆ 15 ಲೀಟರ್ ಟ್ಯಾಂಕು ಮತ್ತು ನೆಟ್ಟಗೆ ಕೂರುವ ಸೀಟು ಬೆನ್ನಿಗೆ ಒಳ್ಳೆಯದು.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಬೇಕು, ಎಂಜಿನ್ ತಣ್ಣಗಿರುವಾಗ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಸಂಶಯ ಪಡಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ ಎಂದೇ ಅರ್ಥ. ಆದರೂ ನನಗೆ ಎಂಜಿನ್ನಿಗಿಂತ ಹೆಚ್ಚಿನ ಭಯ ಚಾಸಿಯದ್ದು. ಹುಮನಾಬಾದಿನ ಮಿಸ್ತ್ರಿಯೊಬ್ಬರು ಹೇಳಿದ್ದು ಇಂದಿಗೂ ನೆನಪಿದೆ: "ಇಂಜಿನ್ ಬಿಚ್ಚಿ ಕಟ್ಟಬಹುದ್ರಿ ಅಣ್ಣಾರ, ಚಾಸಿ ಬಾಗಿತ್ತಂದ್ರ ಏನೂ ಮಾಡ್ಲಾಕ ಬರಂಗಿಲ್ಲ." ಬಿದ್ದೆದ್ದ ಗಾಡಿಗೆ ಹೊಸ ಬಣ್ಣ ಹಚ್ಚುವುದು ಸುಲಭ. ಹೀಗಾಗಿ ಅವರು ಹಿಂದೆ ನಿಂತು ಎರಡು ಚಕ್ರ ಒಂದೇ ಗೆರೆಯಲ್ಲಿವೆಯೇ ನೋಡುತ್ತಾರೆ, ಹ್ಯಾಂಡಲ್ಲನ್ನು ಎರಡೂ ಬದಿಗೆ ತಿರುಗಿಸಿ ಎಲ್ಲಾದರೂ ಹಿಡಿಯುತ್ತದೆಯೇ ಎಂದು ಕೋನ್‌ಸೆಟ್ ಪರೀಕ್ಷಿಸುತ್ತಾರೆ, ಫೋರ್ಕಿನ ಸೀಲಿನ ಮೇಲೆ ಬೆರಳಾಡಿಸಿ ಎಣ್ಣೆ ಜಿನುಗಿದೆಯೇ ತಿಳಿಯುತ್ತಾರೆ. ಟಾಯರಿನ ಬದಿಯ ನಾಲ್ಕು ಅಂಕಿಯನ್ನು ಓದುವುದನ್ನೂ ನಾನು ಅವರಿಂದಲೇ ಕಲಿತೆ. 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಮೇಲಿನ ಗುಂಡಿ ಸವೆಯದೆ ಉಳಿದಿದ್ದರೂ ಇಷ್ಟು ಹಳೆಯ ಟಾಯರಿನ ರಬ್ಬರು ಗಟ್ಟಿಯಾಗಿರುತ್ತದೆ, ಅಂಥದ್ದನ್ನು ಹಾಕಿಕೊಂಡು ಹೆದ್ದಾರಿಗೆ ಇಳಿಯಬಾರದು.

ನಮ್ಮದು ಗಡಿ ಸೀಮೆ. ಬೀದರಿನ ಕೆಎ 38, ಬಸವಕಲ್ಯಾಣದ ಕೆಎ 56ರ ನಡುವೆ ಸೊಲ್ಲಾಪುರದ ಎಂಎಚ್ 13, ಲಾತೂರಿನ ಎಂಎಚ್ 24 ಗಾಡಿಗಳೂ ಮಾರಾಟಕ್ಕೆ ಬರುತ್ತವೆ, ಕೆಲವೊಮ್ಮೆ ಅಗ್ಗಕ್ಕೆ. ಅಂಥ ಗಾಡಿಗಾದರೆ ಫಾರ್ಮ್ 28ರ ಎನ್‌ಒಸಿ ಕೈಗೆ ಬಾರದೆ ಮುಂಗಡ ಕೊಡಬೇಡಿ. ಇಲ್ಲಿ ಹೆಸರು ಬದಲಿಸುವಾಗ ಕರ್ನಾಟಕದ ತೆರಿಗೆ ಮತ್ತೆ ಕಟ್ಟಬೇಕಾಗುತ್ತದೆ, ಅದನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಸಾಲ ತೀರಿದ ಗಾಡಿಯಾದರೆ ಬ್ಯಾಂಕಿನ ಸಹಿ ಇರುವ ಫಾರ್ಮ್ 35 ಕೇಳಿ ಪಡೆಯಿರಿ. ಚಾಸಿ ನಂಬರನ್ನು ಆರ್‌ಸಿ ಜೊತೆ ಹಿಡಿದು ಅಂಕಿ ಅಂಕಿಯಾಗಿ ಓದಿ. ಇಷ್ಟಾದ ಮೇಲೆಯೇ ಚೌಕಾಸಿ. ಅದರಲ್ಲಿ ಉಳಿದ ಹಣ ಮೊದಲು ಹೋಗಬೇಕಾದದ್ದು ಹೊಸ ಟಾಯರು, ಬ್ರೇಕ್ ಪ್ಯಾಡು, ಚೈನ್ ಸ್ಪ್ರಾಕೆಟ್ಟಿಗೆ.