ಬಿತ್ತನೆ ರಾಗಿ ಎಲ್ಲಿಡೋದು?

ನನ್ನ ಹತ್ತಿರ ಈಗ ಸುಮಾರು 640 ಜಿಬಿ ಸಾಮಾನಿದೆ. ಹೊಲ ಇಲ್ಲ, ತೋಟ ಇಲ್ಲ, ಇದೇ ನನ್ನ ಆಸ್ತಿ. ಇಪ್ಪತ್ತು ವರ್ಷ ಮೇಷ್ಟ್ರ ಕೆಲಸ ಮಾಡುತ್ತ ಊರೂರು ತಿರುಗಿ ನೀಲಗಾರರ ಬಾಯಿಂದ, ದೇವರಗುಡ್ಡರ ಬಾಯಿಂದ, ನಾಟಿ ಹಾಕುವ ಹೆಂಗಸರ ಬಾಯಿಂದ ಹಿಡಿದುಕೊಂಡ ಹಾಡುಗಳು. ಹೋರಾಟದ ಕರಪತ್ರಗಳ ಸ್ಕ್ಯಾನು. ಸಂಘದ ಸಭೆಗಳ ಫೋಟೊ, ವಿಡಿಯೊ. ಕೇರಿಯವರ ಹಳೇ ಜಮೀನು ಕಾಗದಗಳ ಪ್ರತಿ. ನನ್ನ ಲ್ಯಾಪ್‌ಟಾಪಿನ ಹೊಟ್ಟೆ 512 ಜಿಬಿ. ಅಂದರೆ ಸಾಮಾನು ಮನೆಗಿಂತ ದೊಡ್ಡದು. ಎಲ್ಲಿಡೋದು?

ಕಂಪ್ಯೂಟರು ಬಲ್ಲ ಹುಡುಗರನ್ನು ಕೇಳಿದರೆ ನಗುತ್ತಾರೆ. ‘ಎಲ್ಲಾನೂ ಎಂಪಿ ತ್ರೀ ಮಾಡಿ, ಮೂಲ ಬಿಸಾಕಿ ಸಾರ್. ಹತ್ತರಲ್ಲಿ ಒಂದು ಪಾಲು ಆಯ್ತದೆ’ ಅನ್ನುತ್ತಾರೆ. ಲೆಕ್ಕ ಸರಿ. ಸೀಡಿ ಗುಣಮಟ್ಟದಲ್ಲಿ ಕುಗ್ಗಿಸದೆ ಹಿಡಿದ ಧ್ವನಿ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ಎಂಟು ಗಂಟೆ ನಡೆಯುವ ಒಂದು ರಾತ್ರಿಯ ಕತೆಗೆ ಹತ್ತಿರ ಹತ್ತಿರ 5 ಜಿಬಿ. ಎಂಪಿ ತ್ರೀ ಮಾಡಿದರೆ ಅರ್ಧ ಜಿಬಿ. ಆದರೆ ಅದು ಕುಗ್ಗುವುದು ಹೇಗೆ? ಕಿವಿಗೆ ಅಷ್ಟಾಗಿ ತಿಳಿಯದು ಅಂತ ಯಂತ್ರ ತೀರ್ಮಾನಿಸಿದ್ದನ್ನು ಕಿತ್ತುಹಾಕಿ. ಒಮ್ಮೆ ಕಿತ್ತದ್ದು ಮತ್ತೆ ಬರುವುದಿಲ್ಲ. ಯಾವುದು ಬೇಕು, ಯಾವುದು ಬೇಡ ಅಂತ ನಮ್ಮ ಪರವಾಗಿ ಬೇರೆಯವರು ತೀರ್ಮಾನ ಮಾಡಿದ್ದು ಇಲ್ಲಿಯವರೆಗೆ ಆಗಿರುವುದೇ ಸಾಕು. ಕೇಳುವುದಕ್ಕೆ ಎಂಪಿ ತ್ರೀ ಇರಲಿ. ಇಡುವುದಕ್ಕೆ ಮೂಲವೇ ಬೇಕು.

ಹೊಸ ಕಂಪ್ಯೂಟರು ತಂದರೆ ವಿಂಡೋಸು ನಮ್ಮ ಸಾಮಾನನ್ನೆಲ್ಲ ತಾನಾಗೇ ಸಿ ಡ್ರೈವಿಗೆ ತುಂಬುತ್ತದೆ. ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು, ಡೌನ್‌ಲೋಡ್ಸು ಎಲ್ಲ ಅಲ್ಲೇ. ಎ, ಬಿ ಎಲ್ಲಿ ಹೋದವು ಅಂತ ನನ್ನ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ಅವು ಫ್ಲಾಪಿಗಳಿಗೆ ಮೀಸಲಾಗಿದ್ದ ಜಾಗ. ಫ್ಲಾಪಿ ಸತ್ತು ವರ್ಷಗಳಾದರೂ ಸಾಮಾನ್ಯವಾಗಿ ಆ ಜಾಗಕ್ಕೆ ಬೇರೆಯವರನ್ನು ಕೂರಿಸುವುದಿಲ್ಲ. ಸಿ ಅನ್ನುವುದು ವಿಂಡೋಸು ವಾಸವಿರುವ ಮನೆ. ಅದಕ್ಕೆ ಕಾಯಿಲೆ ಬಂದರೆ ರಿಪೇರಿ ಅಂಗಡಿಯಲ್ಲಿ ಕೇಳುವ ಮೊದಲ ಮಾತು, ‘ಫಾರ್ಮ್ಯಾಟ್ ಹೊಡೀಬೇಕು.’ ನನ್ನ ಜೊತೆಯ ಮೇಷ್ಟ್ರೊಬ್ಬರು ಹನ್ನೆರಡು ವರ್ಷದ ಶಾಲೆಯ ಫೋಟೊಗಳನ್ನು ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದರು. ಅಂಗಡಿಯಿಂದ ವಾಪಸು ಬಂದಾಗ ಕಂಪ್ಯೂಟರು ಹೊಸ ಮದುಮಗಳ ಹಾಗಿತ್ತು. ಫೋಟೊ ಒಂದೂ ಇರಲಿಲ್ಲ.

ಹಾಗಾದರೆ ಡಿ ಡ್ರೈವಿನಲ್ಲಿಡಿ ಅನ್ನುತ್ತಾರೆ. ಇಡಬಹುದು, ಫಾರ್ಮ್ಯಾಟಿನ ಏಟು ತಪ್ಪುತ್ತದೆ. ಆದರೆ ನಮ್ಮಲ್ಲಿ ಬಹಳ ಮಂದಿಯ ಲ್ಯಾಪ್‌ಟಾಪಿನಲ್ಲಿ ಸಿ ಬೇರೆ, ಡಿ ಬೇರೆ ಡಿಸ್ಕುಗಳಲ್ಲ. ಒಂದೇ ಡಿಸ್ಕಿನ ನಡುವೆ ಎಬ್ಬಿಸಿದ ತಡಿಕೆ ಗೋಡೆ ಅದು. ಡಿಸ್ಕೇ ಸತ್ತರೆ, ಲ್ಯಾಪ್‌ಟಾಪು ಬಸ್ಸಿನಲ್ಲಿ ಕಳುವಾದರೆ, ಎರಡೂ ಒಟ್ಟಿಗೇ ಹೋಗುತ್ತವೆ.

ಹೊರಗಿನ ಹಾರ್ಡ್ ಡಿಸ್ಕು ಕೊಂಡೆ. 2 ಟಿಬಿ ಅಂತ ಡಬ್ಬದ ಮೇಲಿತ್ತು, ವಿಂಡೋಸು ತೋರಿಸಿದ್ದು 1.81. ಮೋಸವೇನಲ್ಲ. ಮಾಡುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ. ಸೇರು ಎರಡು, ರಾಗಿ ಒಂದೇ. ಇನ್ನೊಂದು ಮಾತು. ಪೆನ್ ಡ್ರೈವುಗಳು ಎಷ್ಟೋ ಸಲ ಫ್ಯಾಟ್ 32 ಅನ್ನುವ ಹಳೇ ಪದ್ಧತಿಯಲ್ಲಿರುತ್ತವೆ. ಅದರಲ್ಲಿ 4 ಜಿಬಿ ದಾಟಿದ ಒಂದು ಫೈಲು ಹಿಡಿಯುವುದಿಲ್ಲ. ಒಂದು ದೊಡ್ಡ ಸಭೆಯ ವಿಡಿಯೊ ಅದಕ್ಕೆ ಹೋಗುವುದಿಲ್ಲ, ಜಾಗ ಖಾಲಿಯಿದ್ದರೂ ಒಳಗೆ ಬಿಡುವುದಿಲ್ಲ. ಈ ಕಷ್ಟ ನಮಗೆ ಹೊಸದಲ್ಲ. ಪೆನ್ ಡ್ರೈವಿನಲ್ಲಿ ಏನೂ ಇಲ್ಲದಾಗ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಂಡರೆ ಸರಿಹೋಗುತ್ತದೆ.

ಹಾರ್ಡ್ ಡಿಸ್ಕಿನೊಳಗೆ ತಟ್ಟೆ ಗಿರ್ರನೆ ತಿರುಗುತ್ತಿರುತ್ತದೆ. ಕೆಳಗೆ ಬಿದ್ದರೆ ಕತೆ ಮುಗಿಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನಿಲ್ಲ, ವೇಗ ಜಾಸ್ತಿ, ಬೆಲೆಯೂ ಜಾಸ್ತಿ. ಆದರೆ ಅದನ್ನು ಕರೆಂಟು ಕೊಡದೆ ವರ್ಷಗಟ್ಟಲೆ ಟ್ರಂಕಿನಲ್ಲಿಟ್ಟರೆ ಒಳಗಿನ ವಿದ್ಯುತ್ತು ಸೋರಿ ಬರೆದದ್ದು ಅಳಿಸಿಹೋಗಬಹುದು. ದಿನದ ಕೆಲಸಕ್ಕೆ ಎಸ್‌ಎಸ್‌ಡಿ, ಕಟ್ಟಿಡುವುದಕ್ಕೆ ಹಾರ್ಡ್ ಡಿಸ್ಕು. ನನ್ನ ಮಟ್ಟಿಗೆ ಇದೇ ದಾರಿ.

‘ಕ್ಲೌಡಿಗೆ ಹಾಕಿ ಸಾರ್’ ಅನ್ನುವವರು ಇದ್ದಾರೆ. ಮೋಡ ಅಂದರೆ ಆಕಾಶದಲ್ಲೇನೂ ಇಲ್ಲ, ಅದು ಬೇರೆಯವರ ಕಂಪ್ಯೂಟರು. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಮೇಲ್ ಫೋಟೊ ಎಲ್ಲ ಸೇರಿ. ಮೈಕ್ರೋಸಾಫ್ಟ್ 5 ಜಿಬಿ. ಉಳಿದದ್ದಕ್ಕೆ ಬಾಡಿಗೆ. ಗೂಗಲ್ ಫೋಟೋಸ್ ಒಂದು ಕಾಲಕ್ಕೆ ಕುಗ್ಗಿಸಿದ ಫೋಟೊಗಳಿಗೆ ಮಿತಿಯೇ ಇಲ್ಲ ಅಂದಿತ್ತು. 2021ರ ಜೂನ್ 1ರಿಂದ ಮಿತಿ ಬಂತು. ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದು ಅಂತ 2023ರಲ್ಲಿ ನಿಯಮ ಮಾಡಿದರು. ನಾನು ಸತ್ತರೆ ನನ್ನ ಪಾಸ್‌ವರ್ಡು ಯಾರಿಗೆ ಗೊತ್ತು? ಎರಡು ವರ್ಷದ ಮೇಲೆ ಹಾಡುಗಾರರ ಧ್ವನಿ ಎಲ್ಲಿ? ಸೆಕೆಂಡಿಗೆ 10 ಮೆಗಾಬಿಟ್ಟಿನಂತೆ ಏರಿಸಿದರೂ 640 ಜಿಬಿಗೆ ಹಗಲು ರಾತ್ರಿ ಆರು ದಿನ ಬೇಕು. ನಮ್ಮೂರಲ್ಲಿ ಆರು ಗಂಟೆ ಕರೆಂಟು ಒಂದೇ ಸಮ ನಿಂತರೆ ಅದೇ ಹಬ್ಬ. ಇನ್ನು ಒನ್‌ಡ್ರೈವಿನಂಥವು ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತವೆ. ಅದು ನೆರಳು. ನೆರಳನ್ನು ಪ್ರತಿ ಅಂದುಕೊಳ್ಳಬಾರದು.

ಒಂದು ದೊಡ್ಡ ಸಂಸ್ಥೆಯವರೂ ಬಂದಿದ್ದರು. ‘ಎಲ್ಲಾ ನಮಗೆ ಕೊಡಿ, ನಮ್ಮ ಸರ್ವರಿನಲ್ಲಿ ಭದ್ರವಾಗಿ ಇಡ್ತೀವಿ’ ಅಂದರು. ‘ಹಾಡಿದವರ ಮೊಮ್ಮಕ್ಕಳು ಬಂದರೆ ಕೇಳಿಸ್ತೀರಾ?’ ಅಂದೆ. ‘ಅರ್ಜಿ ಹಾಕಬೇಕು, ಕಮಿಟಿ ನೋಡುತ್ತೆ’ ಅಂದರು.

ನನಗೆ ಶಾನುಭೋಗರ ಕಡತ ನೆನಪಾಯಿತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಸಿದ ಕಪ್ಪು ಕಡತ. ಊರಿನ ಹೊಲ, ಸಾಲ, ತೆರಿಗೆ ಎಲ್ಲ ಅದರ ಹೊಟ್ಟೆಯಲ್ಲಿ. ಬಳಪದಲ್ಲಿ ಬರೆದದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದು. ನಮ್ಮ ಮುತ್ತಜ್ಜನ ಹೊಲ ಆ ಕಡತದಲ್ಲಿತ್ತು, ಕಡತ ಅಗ್ರಹಾರದಲ್ಲಿತ್ತು, ಅಕ್ಷರ ನಮ್ಮ ಮುತ್ತಜ್ಜನ ಹತ್ತಿರ ಇರಲಿಲ್ಲ. 1961ರ ಕಾಯ್ದೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಆದರೆ ನಮ್ಮ ಲೆಕ್ಕ ಇನ್ನೊಬ್ಬರ ಮನೆಯಲ್ಲಿರುವ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ.

ಸಂಸ್ಥೆಗೆ ಒಂದು ಪ್ರತಿ ಕೊಟ್ಟೆ. ಕೊಡಬೇಕು, ಇನ್ನೊಂದು ಕಡೆ ಇರುವುದು ಒಳ್ಳೇದೇ. ಮೂಲ ಕೊಡಲಿಲ್ಲ.

ಈ ಬುದ್ಧಿ ನನಗೆ ಕಂಪ್ಯೂಟರಿನಿಂದ ಬಂದದ್ದಲ್ಲ. ಅಪ್ಪ ಗೌಡರ ಮನೆಯ ಹಗೇವಿಗೆ ಇಳಿದು ರಾಗಿ ತುಂಬಿಕೊಟ್ಟವನು. ಒಳಗಿನ ಕೆಟ್ಟ ಗಾಳಿಗೆ ಸತ್ತವರಿದ್ದಾರೆ, ಅದಕ್ಕೇ ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಹಗೇವು ತುಂಬುವಷ್ಟು ರಾಗಿ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ಗುತ್ತಿಗೆ ಹೊಲದಲ್ಲಿ ಬಂದ ನಾಲ್ಕು ಪಲ್ಲವನ್ನು ಅವ್ವ ಮೂರು ಪಾಲು ಮಾಡುತ್ತಿದ್ದಳು. ಉಣ್ಣುವ ರಾಗಿ ಕೈಗೆ ಸಿಗುವ ವಾಡೆಯಲ್ಲಿ. ಬಿತ್ತನೆ ರಾಗಿ ಬೂದಿ ಬೆರೆಸಿ ಅಟ್ಟದ ಮೇಲಿನ ಗುಡಾಣದಲ್ಲಿ, ಎಂಥ ಹಸಿವು ಬಂದರೂ ಮುಟ್ಟುವಂತಿಲ್ಲ. ಇನ್ನೊಂದಿಷ್ಟು ಬಿತ್ತನೆ ರಾಗಿ ಪಕ್ಕದ ಊರಿನ ಚಿಕ್ಕವ್ವನ ಮನೆಯಲ್ಲಿ. ‘ಒಂದ್ ಮನಿಗೆ ಬೆಂಕಿ ಬಿದ್ರೆ ಇನ್ನೊಂದ್ ಮನಿ ಇರ್ಬೇಕು ಕಣ್ಲ ಮಗ’ ಅನ್ನುತ್ತಿದ್ದಳು. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಊರಾಚೆ ಇರಲಿ ಅಂತ ಈಗ ಕಂಪ್ಯೂಟರಿನವರು ಹೇಳುವ ಸೂತ್ರ ಇದೇ.

ಹಾಗಾಗಿ ನನ್ನ ವ್ಯವಸ್ಥೆ ಇದು. ಸಿ ಡ್ರೈವಿನಲ್ಲಿ ಈ ತಿಂಗಳು ಕೈಗೆ ಬೇಕಾದದ್ದು ಮಾತ್ರ. ಇಡೀ ಸಂಗ್ರಹ ಮನೆಯ ಒಂದು ಡಿಸ್ಕಿನಲ್ಲಿ. ಅದರ ಜೋಡಿ ಇನ್ನೊಂದು ತಾಲ್ಲೂಕಿನಲ್ಲಿರುವ ಗೆಳೆಯನ ಬೀರುವಿನಲ್ಲಿ. ಮೂರು ತಿಂಗಳಿಗೊಮ್ಮೆ ಅದಲು ಬದಲು, ಆಗ ನಾಲ್ಕು ಫೈಲು ತೆಗೆದು ಕೇಳಿ ನೋಡುವುದು. ಬರಹ, ಪಟ್ಟಿಯಂಥ ಸಣ್ಣ ಸಾಮಾನು ಕ್ಲೌಡಿನಲ್ಲಿ. ಫೋಲ್ಡರಿಗೆ ವರ್ಷ, ಊರು, ಹಾಡಿನ ಹೆಸರು. ಹಳೇ ನುಡಿ ಅಕ್ಷರದಲ್ಲಿದ್ದ ಬರಹವನ್ನೆಲ್ಲ ಯೂನಿಕೋಡಿಗೆ ಬದಲಿಸಿದ್ದೇನೆ. ಇಲ್ಲದಿದ್ದರೆ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಹೋಗಿ ಕಸ ಕಾಣುತ್ತದೆ. ಯಾವುದು ಎಲ್ಲಿದೆ ಅನ್ನುವ ಪಟ್ಟಿ ಒಂದು ನೋಟುಬುಕ್ಕಿನಲ್ಲಿ, ಪೆನ್ನಿನಲ್ಲಿ.

ದೊಡ್ಡವ್ವ ಹಾಡಿದ್ದು ಅದರಲ್ಲಿದೆ, ಎರಡು ಗಂಟೆ ಹತ್ತು ನಿಮಿಷ. ‘ಇದ್ನ ಡಬ್ಬೀಲಿ ಹಿಡ್ಕಂಡು ಏನ್ ಮಾಡೀಯೆ?’ ಅಂತ ಅವಳು ನಕ್ಕದ್ದೂ ಇದೆ. ಈಗ ಅವಳಿಲ್ಲ. ಆ ಹಾಡು ಪೂರ್ತಿ ಬರುವವರು ನಮ್ಮ ಕೇರಿಯಲ್ಲಿ ಇನ್ನೊಬ್ಬರಿಲ್ಲ.

ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಇಂಥದ್ದು ಏನಾದರೂ ಇರುತ್ತದೆ ಗೆಳೆಯರೇ. ಈ ಭಾನುವಾರ ಕೂತು ಎಲ್ಲಿದೆ ನೋಡಿ. ಒಂದೇ ಕಡೆ ಇದ್ದರೆ ಇನ್ನೊಂದು ಪ್ರತಿ ಮಾಡಿ. ಮಾಡಿ ಮನೆಯಲ್ಲೇ ಇಟ್ಟುಕೊಳ್ಳಬೇಡಿ, ಬೇರೆ ಊರಿಗೆ ಕಳಿಸಿ. ಹಾಡಿದವರ ಮನೆಗೂ ಒಂದು ಕೊಡಿ. ಅದು ಅವರದ್ದು.