ಕೈಗಿಂತ ಮೊದಲು ಕಿವಿ

ಕೋಡಿಂಬಾಳದ ಆ ಮನೆಯ ಅಟ್ಟದಲ್ಲಿ ಒಂದು ಹಲಗೆ ಇನ್ನೂ ಇದೆ. ಅದರ ಮೇಲೆ ಮೊಳೆ ಹೊಡೆದು ಕೂರಿಸಿದ ರಬ್ಬರ್ ತುಂಡು. ಬೆಂಗಳೂರಿನಿಂದ ರಜೆಗೆ ಬಂದಾಗಲೆಲ್ಲ ಆತ ಅದನ್ನು ಕೆಳಗಿಳಿಸಿ, ಅಂಗಳದಲ್ಲಿ ಹರಡಿದ ಅಡಿಕೆಯ ಪಕ್ಕ ಕುಳಿತು ಎರಡು ಕೋಲುಗಳಿಂದ ಮೆಲ್ಲಗೆ ಬಡಿಯುತ್ತಾನೆ. ಹೆವಿ ಮೆಟಲ್ ಬ್ಯಾಂಡಿನ ಡ್ರಮ್ಮರ್ ಎಂದರೆ ಊರವರಿಗೆ ನಂಬಿಕೆ ಬರುವುದಿಲ್ಲ. ಉದ್ದ ಕೂದಲಿಲ್ಲ, ಕಿವಿಯಲ್ಲಿ ರಿಂಗಿಲ್ಲ. ಹಗಲು ಕಂಪ್ಯೂಟರ್ ಕೆಲಸ, ವಾರದ ಕೊನೆಗೆ ಡ್ರಮ್ಸ್.

ತಾಳ ಅವನಿಗೆ ಸಿಕ್ಕಿದ್ದು ಆಟದ ಬಯಲಿನಲ್ಲಿ. ದೀಪಾವಳಿ ಕಳೆದ ಮೇಲೆ ತಿರುಗಾಟ ಹೊರಟ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಆ ಸೀಮೆಯಲ್ಲಿ ಚೆಂಡೆಯ ಸದ್ದಿಗೆ ಬರವಿಲ್ಲ. ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ಚೆಂಡೆ ಕಲಿತ. ಗುರುಗಳು ತಿಂಗಳುಗಟ್ಟಲೆ ಕೋಲು ಮುಟ್ಟಲು ಬಿಡಲಿಲ್ಲ. ಬಾಯಲ್ಲಿ ಹೇಳಬೇಕು, ಕೈಯಲ್ಲಿ ತಾಳ ಹಾಕಬೇಕು. "ಕೈಗಿಂತ ಮೊದಲು ಕಿವಿ ಕಲಿಯಬೇಕು ಮಾರಾಯ" ಎನ್ನುತ್ತಿದ್ದರು. ಆಗ ಅದು ಶಿಕ್ಷೆಯಂತೆ ಕಂಡಿತ್ತು.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ 'ಮೆಟಾಲಿಕಾ' ತಂಡದ ಕಾರ್ಯಕ್ರಮ. ನಾಲ್ಕು ವರ್ಷ ಮೊದಲು, 2007ರ ಮಾರ್ಚ್‌ನಲ್ಲಿ, ಇಂಗ್ಲೆಂಡಿನ 'ಐರನ್ ಮೇಡನ್' ಅದೇ ಮೈದಾನದಲ್ಲಿ ನುಡಿಸಿ ಹೋಗಿತ್ತು. ಆಗ ಆತ ಊರಿನಲ್ಲಿದ್ದ. ಈಗ ಎಂಜಿನಿಯರಿಂಗ್ ವಿದ್ಯಾರ್ಥಿ. ಹಬ್ಬಕ್ಕೆಂದು ಮನೆಯವರು ಕೊಟ್ಟ ಹಣ ಟಿಕೆಟ್ಟಿಗೆ ಹೋಯಿತು. ಡ್ರಮ್ಮಿನ ಮೊದಲ ಪೆಟ್ಟು ಎದೆಗೆ ಬಡಿದಾಗ ಅವನಿಗೆ ನೆನಪಾದದ್ದು ಗದ್ದೆಯಾಚೆಯಿಂದ ಕೇಳುತ್ತಿದ್ದ ಚೆಂಡೆ.

ಆಮೇಲೆ ನಡೆದದ್ದು ಅನೇಕ ಮನೆಗಳಲ್ಲಿ ನಡೆಯುವಂಥದ್ದೇ. ಗೆಳೆಯರೊಂದಿಗೆ ತಂಡ ಕಟ್ಟಿದ. ಗಂಟೆ ಲೆಕ್ಕದ ಬಾಡಿಗೆಗೆ ಅಭ್ಯಾಸದ ಕೋಣೆ ಹಿಡಿದರು. ತರಗತಿಗಳು ತಪ್ಪಿದವು. ಅಂಕಪಟ್ಟಿ ಮನೆಗೆ ಬಂದ ದಿನ ಅಪ್ಪ ಕೂಗಾಡಲಿಲ್ಲ.

"ಎಷ್ಟು ಸಬ್ಜೆಕ್ಟ್ ಬಾಕಿ ಉಂಟು?"

"ಮೂರು."

"ಅದನ್ನು ಮುಗಿಸು. ಮತ್ತೆ ನಿನ್ನ ಡ್ರಮ್ಮಿನ ವಿಷಯ ಮಾತಾಡುವ."

ಬೈದಿದ್ದರೆ ಹಟ ಬರುತ್ತಿತ್ತು, ಬಾಗಿಲು ತೆರೆದಿಟ್ಟಿದ್ದರಿಂದ ಓದಿದೆ ಎಂದು ಆತ ಈಗ ಹೇಳುತ್ತಾನೆ. ಒಂದು ವರ್ಷ ಕೋಲುಗಳು ಪೆಟ್ಟಿಗೆ ಸೇರಿದವು. ಮೂರೂ ವಿಷಯ ಪಾಸಾದವು. ಆದರೆ ಅಷ್ಟರಲ್ಲಿ ಗಿಟಾರಿನ ಹುಡುಗ ವಿದೇಶಕ್ಕೆ ಹೋಗಿ ತಂಡ ಒಡೆದಿತ್ತು. ಆ ನೋವು ಪರೀಕ್ಷೆಯಲ್ಲಿ ಫೇಲಾದದ್ದಕ್ಕಿಂತ ದೊಡ್ಡದಾಗಿತ್ತು.

ಈಗಿನದು ಎರಡನೆಯ ತಂಡ. ನಾಲ್ಕು ಜನ, ನಾಲ್ಕು ಸ್ವಭಾವ. ತಡವಾಗಿ ಬರುವವನೊಬ್ಬ, ತನ್ನ ಗಿಟಾರೇ ಜೋರಾಗಿ ಕೇಳಬೇಕೆನ್ನುವವನೊಬ್ಬ. ಮೆಟಲ್ ಎಂದರೆ ಗದ್ದಲ ಎಂದುಕೊಳ್ಳುವವರಿಗೆ ಅದರ ಲೆಕ್ಕಾಚಾರ ಗೊತ್ತಿಲ್ಲ. ಎರಡು ಕೈ, ಎರಡು ಪಾದ ಬೇರೆ ಬೇರೆ ಕೆಲಸ ಮಾಡಬೇಕು. ಉತ್ಸಾಹದಲ್ಲಿ ಡ್ರಮ್ಮರ್ ಓಡಿದರೆ ಎಲ್ಲರೂ ಎಡವುತ್ತಾರೆ. ಭಾಗವತರ ಪದವನ್ನು ಚೆಂಡೆ ಮುಳುಗಿಸಬಾರದು ಎಂಬ ಗುರುಗಳ ಮಾತು ಇಲ್ಲಿಗೂ ಸಲ್ಲುತ್ತದೆ.

ಬೇಸರವಾದಾಗ ಆತ ನೆನೆಯುವುದು 'ಡೆಫ್ ಲೆಪರ್ಡ್' ತಂಡದ ರಿಕ್ ಆಲೆನ್‌ನನ್ನು. 1984ರ ಡಿಸೆಂಬರ್ 31ರಂದು ಕಾರು ಅಪಘಾತದಲ್ಲಿ ಆ ಡ್ರಮ್ಮರ್ ಎಡಗೈ ಕಳೆದುಕೊಂಡ. ಆಗ ಅವನಿಗೆ 21 ವರ್ಷ. ಎಡಗೈಯ ಕೆಲಸವನ್ನು ಪಾದಕ್ಕೆ ಒಪ್ಪಿಸುವ ಎಲೆಕ್ಟ್ರಾನಿಕ್ ಡ್ರಮ್ಸ್ ಮಾಡಿಸಿಕೊಂಡು ಮೊದಲಿನಿಂದ ಕಲಿತ. 1986ರ ಆಗಸ್ಟ್‌ನಲ್ಲಿ ಡಾನಿಂಗ್ಟನ್ನಿನ ದೊಡ್ಡ ವೇದಿಕೆಗೆ ಮರಳಿದ. ಅವನ ಹಟ ದೊಡ್ಡದು ನಿಜ. ಬೇರೊಬ್ಬನನ್ನು ಹುಡುಕದೆ ಕಾದ ಗೆಳೆಯರ ತಾಳ್ಮೆಯೂ ಸಣ್ಣದಲ್ಲ.

ಹುಡುಗರಿಗೆ ಆತ ಹೇಳುವ ಎಚ್ಚರಿಕೆ ಒಂದೇ, ಕಿವಿಯದು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದೆನ್ನುತ್ತಾರೆ ತಜ್ಞರು. 100 ಡೆಸಿಬಲ್ ಆದರೆ ಹದಿನೈದೇ ನಿಮಿಷ. ಮೊದಲ ತಂಡದ ದಿನಗಳಲ್ಲಿ ಅಭ್ಯಾಸ ಮುಗಿಸಿ ಮಲಗಿದಾಗ ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತಿತ್ತು. ಈಗ ಇಯರ್ ಪ್ಲಗ್ ಇಲ್ಲದೆ ಕೋಲು ಹಿಡಿಯುವುದಿಲ್ಲ.

ಅಪ್ಪ ಒಮ್ಮೆ ಬೆಂಗಳೂರಿಗೆ ಬಂದು ಕೇಳಿದರು. ಕಿವಿಗೆ ಹತ್ತಿ ಇಟ್ಟುಕೊಂಡು ಕೊನೆಯವರೆಗೂ ಕುಳಿತಿದ್ದರು. ಹೇಗಿತ್ತೆಂದು ಕೇಳಿದರೆ, "ಪದ ಒಂದೂ ಅರ್ಥ ಆಗ್ಲಿಲ್ಲ. ನಡುವೆ ನೀನು ಒಮ್ಮೆ ಸುಮ್ಮನೆ ಕೂತೆಯಲ್ಲ, ಆಗ ಹಾಡುವವನ ಸ್ವರ ಚೆಂದ ಕೇಳಿತು" ಎಂದರು.

ಹೊಡೆದ ಪೆಟ್ಟುಗಳಿಗೆ ಚಪ್ಪಾಳೆ ಬಹಳ ಸಿಕ್ಕಿದೆ. ಹೊಡೆಯದೆ ಬಿಟ್ಟದ್ದನ್ನು ಗುರುತಿಸಿದವರು ಅಪ್ಪ ಒಬ್ಬರೇ.